ಶುಶ್ರೂಷಕರ ಸ್ವಾತಂತ್ರ್ಯವೂ ವೈದ್ಯರ ಮೇಲ್ವಿಚಾರಣೆಯೂ

ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಲ್ಲತಕ್ಕ ಕಾರ್ಯವೆಂದು ಆಯುರ್ವೇದದ ಆಚಾರ್ಯರು ನಿರ್ಣಯಿಸಿರುವರು. ವೈದ್ಯ, ಔಷಧ, ಪರಿಚಾರಕ, ರೋಗಿ ಇವೇ ಆ ನಾಲ್ಕು ಪಾದಗಳು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಎಣಿಸಿದೆ. ಅವುಗಳಲ್ಲಿ ದಕ್ಷತೆ, ಶುಚಿತ್ವ ಎಂಬೆರಡು ವೈದ್ಯನಿಗೂ ಪರಿಚಾರಕನಿಗೂ ಸಮಾನವಾದವು. ಉಳಿದೆರಡರಲ್ಲಿ ಭೇದವುಂಟು. ವೈದ್ಯನಿಗೆ ನಿರ್ಮಲವಾದ ಶಾಸ್ತ್ರಜ್ಞಾನವೂ ಅನೇಕ ಬಾರಿ ಕಣ್ಣಾರೆ ಕಂಡ ಕರ್ಮಾನುಭವವೂ ಬೇಕು; ಪರಿಚಾರಕನಿಗೆ ಉಪಚಾರದ ತಿಳಿವಳಿಕೆಯೂ ರೋಗಿಯಲ್ಲಿ ಅನುರಾಗವೂ ಬೇಕು. ಈ ಭೇದದ ಗಡಿಯ ಮೇಲೆಯೇ ಇಂದಿನ ವಿವಾದವೊಂದು ಎದ್ದಿದೆ. ಪರಿಚಾರಕರು ವೈದ್ಯನ ಕಾರ್ಯದಲ್ಲಿ ಒಂದು ಪಾಲನ್ನು ಕೈಗೊಳ್ಳಬಹುದೇ? ಕೈಗೊಂಡರೆ ವೈದ್ಯನ ಕಣ್ಣಿನ ಕೆಳಗೋ, ಸ್ವತಂತ್ರವಾಗಿಯೋ?

ಅಮೇರಿಕಾ ದೇಶದಲ್ಲಿ ೧೯೬೫ರಲ್ಲಿ ಲೊರೆಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ವೈದ್ಯರೂ ಕೂಡಿ, ದಾದಿಯರಿಗೆ ರೋಗಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ಕಲಿಸುವ ಕ್ರಮವನ್ನು ಕೊಲರಾಡೊ ಸಂಸ್ಥಾನದಲ್ಲಿ ಆರಂಭಿಸಿದರು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯ ಯೂಜೀನ್ ಸ್ಟೆಡ್ ಎಂಬವರು ವೈದ್ಯಸಹಾಯಕರನ್ನು ತಯಾರು ಮಾಡುವ ತರಗತಿಯನ್ನು ತೆರೆದರು. ಇಂದು ಆ ದೇಶದ ಅರ್ಧಕ್ಕಿಂತ ಹೆಚ್ಚು ಸಂಸ್ಥಾನಗಳಲ್ಲಿ ಅಂತಹ ದಾದಿಯರು ವೈದ್ಯರ ಮೇಲ್ವಿಚಾರಣೆಯಿಲ್ಲದೆಯೇ ಚಿಕಿತ್ಸೆ ಮಾಡಬಹುದು, ಉಳಿದೆಡೆ ಮಾಡಕೂಡದು. ವಾದವು ಇನ್ನೂ ಮುಗಿದಿಲ್ಲ.

ನಮ್ಮ ನಾಡಿಗೂ ವಿಷಯವು ತೀರ ಹೊಸತಲ್ಲ. ಈ ಸೀಮೆಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ವಿಶ್ವವಿದ್ಯಾಲಯದ ಪದವಿಯಿಲ್ಲದೆ, ವೈದ್ಯಕೀಯ ಶಾಲೆಯಲ್ಲಿ ಅದಕ್ಕಿಂತ ಕಡಿಮೆ ಅವಧಿಯ ಶಿಕ್ಷಣವನ್ನು ಪಡೆದ ಎಲ್. ಎಂ. ಪಿ. ಡಾಕ್ಟರರು ಪ್ರಾಂತದಲ್ಲಿ ಚಿಕಿತ್ಸೆ ನಡೆಸುತ್ತಿದ್ದರು. ೧೯೪೬ರಲ್ಲಿ ವರದಿಯೊಪ್ಪಿಸಿದ ಭೋರ್ ಸಮಿತಿಯ ಬಹುಮತವು, ದೇಶಕ್ಕೆಲ್ಲ ಒಂದೇ ಶಿಕ್ಷಣಮಟ್ಟದ ವೈದ್ಯರು ಇರತಕ್ಕದ್ದೆಂದು ಅಭಿಪ್ರಾಯಪಟ್ಟಿತು. ವೈದ್ಯರ ಕೊರತೆಯಿರುವಾಗ ಆ ಕಿರಿಯ ವರ್ಗವನ್ನು ನಿಲ್ಲಿಸುವುದು ತರವಲ್ಲವೆಂದು ಕೆಲವು ಸದಸ್ಯರು ಭಿನ್ನಮತವನ್ನು ಬರೆದರು. ಬಹುಮತವೇ ಗೆದ್ದಿತು. ಆದರೆ ಬಾಗಿಲಿನಿಂದ ಹೊರಗೆ ಹೋದ ಪ್ರಶ್ನೆಯು ಎಪ್ಪತ್ತು ವರ್ಷಗಳಾದ ಮೇಲೆ ಕಿಟಕಿಯಿಂದ ಒಳಗೆ ಬಂದಿತು. ೨೦೧೯ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ ೩೨ನೆಯ ಕಲಮು, ಆಧುನಿಕ ವೈದ್ಯವೃತ್ತಿಯೊಡನೆ ಸಂಬಂಧವುಳ್ಳ ಕೆಲವರಿಗೆ ಪರಿಮಿತವಾದ ಅನುಜ್ಞೆಯನ್ನು ಕೊಡಬಹುದೆಂದು ವಿಧಿಸಿತು. ಪ್ರಾಥಮಿಕ ಚಿಕಿತ್ಸೆಯಲ್ಲಿಯೂ ರೋಗನಿವಾರಣೆಯಲ್ಲಿಯೂ ಮಾತ್ರ ಅವರು ನಿಯತವಾದ ಔಷಧಗಳನ್ನು ಸ್ವತಂತ್ರವಾಗಿ ಬರೆಯಬಹುದು. ಉಳಿದೆಡೆ ವೈದ್ಯರ ಮೇಲ್ವಿಚಾರಣೆ ಕಡ್ಡಾಯ. ಇದನ್ನು ವಿರೋಧಿಸಿ ಭಾರತೀಯ ವೈದ್ಯಕೀಯ ಸಂಘವು ಆ ವರ್ಷ ಜುಲೈ ೩೧ರಂದು ಮುಷ್ಕರವನ್ನು ಹೂಡಿತು.

ವೈದ್ಯರ ಪೂರ್ವಪಕ್ಷವನ್ನು ಕೇವಲ ಸ್ವಾರ್ಥವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಕಾಪುವಿನ ಕಡಲ ತೀರದಲ್ಲಿ ಬಲೆಯೆಳೆದು ಬಂದ ಬೆಸ್ತನೊಬ್ಬನು ಎದೆಯುರಿಯೆಂದು ಹೇಳಿಕೊಂಡು ಬಂದನೆಂದು ಭಾವಿಸೋಣ. ನೂರರಲ್ಲಿ ಬಹುಮಂದಿಗೆ ಅದು ಪಿತ್ತದ ಉರಿಯೇ ಆಗಿರಬಹುದು. ಯಾರೋ ಒಬ್ಬನಿಗೆ ಅದು ಹೃದಯಾಘಾತದ ಮೊದಲ ಚಿಹ್ನೆ. ರೋಗವು ತನ್ನ ಹೆಸರನ್ನು ಹಣೆಯ ಮೇಲೆ ಬರೆದುಕೊಂಡು ಬರುವುದಿಲ್ಲ. ಆ ಒಬ್ಬನನ್ನು ಗುರುತಿಸುವುದಕ್ಕಾಗಿಯೇ ವರ್ಷಗಟ್ಟಲೆ ವ್ಯಾಸಂಗವಿರುವುದು. ಇನ್ನೊಂದು ಮಾತೂ ಉಂಟು. ಪಟ್ಟಣದ ಧನಿಕನಿಗೆ ಪೂರ್ಣ ವೈದ್ಯ, ಹಳ್ಳಿಯ ಬಡವನಿಗೆ ಅರ್ಧ ವೈದ್ಯ ಎಂಬ ವ್ಯವಸ್ಥೆಯು ಧರ್ಮವೇ ಎಂದು ಅವರು ಕೇಳುವ ಪ್ರಶ್ನೆಯು ತೂಕವುಳ್ಳದ್ದು.

ಆದರೆ ಇದಕ್ಕೆ ಪ್ರತಿಪಕ್ಷವೂ ಅಷ್ಟೇ ಬಲವಾಗಿದೆ. ಉಡುಪಿಯಲ್ಲಿ ೧೯೨೩ರಲ್ಲಿಯೇ ಈವಾ ಲೊಂಬಾರ್ಡ್ ಎಂಬ ವೈದ್ಯೆ ಆಸ್ಪತ್ರೆಯನ್ನು ತೆರೆದರು. ಮಣಿಪಾಲದ ಬೋಳುಗುಡ್ಡದ ಮೇಲೆ ೧೯೫೩ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಇಂತಹ ಭಾಗ್ಯವುಳ್ಳ ಜಿಲ್ಲೆಯಲ್ಲಿಯೂ ಕಾರ್ಕಳದ ಆಚೆ ಮಾಳದಂತಹ ಘಟ್ಟದಡಿಯ ಊರಿನ ಮುದುಕಿಗೆ, ಮಳೆಗಾಲದಲ್ಲಿ ಪ್ರತಿ ತಿಂಗಳೂ ರಕ್ತದೊತ್ತಡವನ್ನು ನೋಡಿಸುವುದಕ್ಕೆ ಬಸ್ಸು ಹತ್ತಿ ಪೇಟೆಗೆ ಬರುವುದು ಸುಲಭವಲ್ಲ. ಬಾರದಿದ್ದರೆ ಗುಳಿಗೆ ನಿಲ್ಲುವುದು. ಗುಳಿಗೆ ನಿಂತರೆ ಒಂದು ದಿನ ಪಕ್ಷವಾತ ಬಡಿಯಬಹುದು. ಆಗ ಮಣಿಪಾಲದ ತಜ್ಞರ ವಿದ್ಯೆಯೆಲ್ಲ ಕೂಡಿದರೂ ಹೋದ ಕೈಯ ಬಲವು ಪೂರ್ತಿಯಾಗಿ ಬಾರದೆ ಹೋಗಬಹುದು. ೨೦೧೮ರಿಂದ ಉಪಕೇಂದ್ರಗಳಲ್ಲಿ ನಿಯಮಿತರಾಗುತ್ತಿರುವ ಸಮುದಾಯ ಆರೋಗ್ಯಾಧಿಕಾರಿಗಳು ಈ ಎಡೆಯನ್ನು ತುಂಬತಕ್ಕವರು. ಕರ್ನಾಟಕದಲ್ಲಿ ಅವರು ಬಹುಮಟ್ಟಿಗೆ ನರ್ಸಿಂಗ್ ಓದಿದವರು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಪರೀಕ್ಷಿಸಿ, ವೈದ್ಯರು ಬರೆದ ಗುಳಿಗೆಗಳನ್ನು ತಪ್ಪದೆ ಮುಟ್ಟಿಸಿ, ಸಂದೇಹ ಬಂದಾಗ ದೂರವಾಣಿಯ ಪರದೆಯ ಮೇಲೆ ವೈದ್ಯರನ್ನು ರೋಗಿಗೆ ಕಾಣಿಸುವುದು ಅವರ ಕೆಲಸ. ಇಲ್ಲಿ ಆಯ್ಕೆಯಿರುವುದು ಪೂರ್ಣ ವೈದ್ಯ, ಅರ್ಧ ವೈದ್ಯ ಎಂಬೆರಡರ ನಡುವೆ ಅಲ್ಲ. ಬಳಿಯಲ್ಲಿರುವ ದಾದಿಗೂ ಯಾರೂ ಇಲ್ಲದಿರುವ ಶೂನ್ಯಕ್ಕೂ ನಡುವೆ.

ಹಾಗಾದರೆ ಸಿದ್ಧಾಂತವೇನು? ಮೇಲ್ವಿಚಾರಣೆಯು ಯಾರ ಸ್ವತ್ತು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡರೆ ತೊಡಕು ಬಹಳಮಟ್ಟಿಗೆ ಬಿಡುವುದು. ಅದನ್ನು ವೈದ್ಯರ ಅಧಿಕಾರವೆಂದು ಒಬ್ಬರು ಕಾಯುತ್ತಾರೆ. ತಮ್ಮ ಕೊರಳಿನ ಹಗ್ಗವೆಂದು ಇನ್ನೊಬ್ಬರು ಹರಿಯಬಯಸುತ್ತಾರೆ. ನಿಜವಾಗಿ ಅದು ಈ ಇಬ್ಬರದೂ ಅಲ್ಲ, ರೋಗಿಯ ಹಕ್ಕು. ತನ್ನನ್ನು ನೋಡುತ್ತಿರುವವರ ತಿಳಿವಳಿಕೆಯು ಮುಗಿದಲ್ಲಿ ಅದಕ್ಕಿಂತ ಹೆಚ್ಚಿನ ತಿಳಿವಳಿಕೆ ತನಗೆ ದೊರಕೀತೆಂಬ ಭರವಸೆಯೇ ಮೇಲ್ವಿಚಾರಣೆಯ ತಿರುಳು. ಆದುದರಿಂದ ವಾರಕ್ಕೊಮ್ಮೆ ರಿಜಿಸ್ಟರಿನ ಮೇಲೆ ಬೀಳುವ ರುಜುವು ಮೇಲ್ವಿಚಾರಣೆಯಲ್ಲ. ೧೯೦೧ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವು ಯಾವ ದೋಣಿಗೂ ಹುಟ್ಟು ಹಾಕುವುದಿಲ್ಲ. ದೋಣಿಯನ್ನು ನಡೆಸುವವನು ಅಂಬಿಗನೇ. ಆದರೆ ಆತನು ತಲೆಯೆತ್ತಿ ನೋಡಿದ ರಾತ್ರಿ ಅದು ಉರಿಯುತ್ತಿರಬೇಕು. ಕರೆದಾಗ ದೊರೆಯದ ವೈದ್ಯನ ಮೇಲ್ವಿಚಾರಣೆಯು ಕಾಗದದ ಮೇಲೆ ಎಷ್ಟು ದೃಢವಾಗಿದ್ದರೂ ಆರಿದ ದೀಪವೇ ಸರಿ.

ಇದರಿಂದ ಗಡಿಯೂ ಸ್ಪಷ್ಟವಾಗುವುದು. ರೋಗವು ಯಾವುದೆಂದು ನಿರ್ಣಯವಾಗಿರುವಲ್ಲಿ, ದಾರಿಯು ಗೊತ್ತಾಗಿರುವಲ್ಲಿ, ತರಬೇತಾದ ದಾದಿಗೆ ಸ್ವಾತಂತ್ರ್ಯವಿರಲಿ. ಮೇಲೆ ಹೇಳಿದ ಮುದುಕಿಯ ಗುಳಿಗೆಯು ರುಜುವಿಗಾಗಿ ಕಾಯಬಾರದು. ರೋಗವು ಇನ್ನೂ ಹೆಸರಿಲ್ಲದೆ ನಿಂತಿರುವಲ್ಲಿ, ಆ ಬೆಸ್ತನ ಎದೆಯುರಿಯಂತಹ ಸಂದರ್ಭದಲ್ಲಿ, ವೈದ್ಯನ ಕಣ್ಣು ಬೇಕೇ ಬೇಕು. ಇಂಗ್ಲೆಂಡಿನಲ್ಲಿ ೨೦೨೫ರ ಜುಲೈ ತಿಂಗಳಲ್ಲಿ ಪ್ರೊಫೆಸರ್ ಗಿಲಿಯನ್ ಲೆಂಗ್ ಅವರು ಕೊಟ್ಟ ವರದಿಯೂ ಈ ದಿಕ್ಕಿನಲ್ಲಿಯೇ ಸಾಗಿದೆ. ನಿರ್ದಿಷ್ಟ ನಿಯಮಗಳ ಹೊರಗೆ ನಿರ್ಣಯವಾಗದ ರೋಗಿಗಳನ್ನು ವೈದ್ಯಸಹಾಯಕರು ನೋಡಬಾರದೆಂದೂ, ಜನರಿಗೆ ಭ್ರಾಂತಿಯಾಗದಂತೆ ಅವರ ಹೆಸರಿನಲ್ಲಿ ‘ಸಹಾಯಕ’ ಎಂಬ ಪದವೇ ಇರಬೇಕೆಂದೂ ಅದು ಸಲಹೆಯಿತ್ತಿತು. ತನ್ನ ನಾಡಿಯನ್ನು ಹಿಡಿದವರು ಯಾರೆಂಬುದು ರೋಗಿಗೆ ತಿಳಿದಿರತಕ್ಕದ್ದು; ಬಿಳಿಯ ಕೋಟು ಹಾಕಿದವರೆಲ್ಲ ಡಾಕ್ಟರರೆಂಬ ಮುಗ್ಧ ನಂಬಿಕೆಯನ್ನು ಬಳಸಿಕೊಳ್ಳುವುದು ವಂಚನೆ.

ಕಟ್ಟಕಡೆಗೆ ಕಾಯಿದೆಯ ಕೈಗೆ ಸಿಕ್ಕದ ಮಾತೊಂದು ಉಳಿಯುತ್ತದೆ. “ಇದು ನನಗೆ ತಿಳಿಯದು” ಎಂದು ಸಕಾಲದಲ್ಲಿ ಹೇಳುವುದು ಪರಿಚಾರಕರ ವಿದ್ಯೆಗಳಲ್ಲಿ ಪರಮವಾದದ್ದು. ಆದರೆ ಆ ಮಾತನ್ನು ಹೇಳಿದವಳಿಗೆ ಬೈಗುಳವೂ ತಿರಸ್ಕಾರವೂ ದೊರಕುವಲ್ಲಿ, ಎರಡನೆಯ ಬಾರಿ ಆಕೆಯು ಸುಮ್ಮನಿರುವಳು. ಆ ಮೌನದ ಬೆಲೆಯನ್ನು ತೆರುವವನು ರೋಗಿ. ಅನರ್ಥವಾದಾಗ ಹೊಣೆಯೆಲ್ಲವೂ ಕೆಳಗಿನವಳ ತಲೆಗೆ, ಕೀರ್ತಿಯೆಲ್ಲವೂ ಮೇಲಿನವನ ಕೊರಳಿಗೆ ಎಂಬಲ್ಲಿಯೂ ಹಾಗೆಯೇ. ಮೇಲ್ವಿಚಾರಣೆಯ ಹಕ್ಕನ್ನು ಕೇಳುವ ವೈದ್ಯನು ಅದರ ಹೊಣೆಯನ್ನೂ ಹೊರಬೇಕು, ಅಪರಾತ್ರಿಯಲ್ಲಿ ಬಂದ ಪ್ರಶ್ನೆಗೂ ತಾಳ್ಮೆಯಿಂದ ಉತ್ತರಿಸಬೇಕು. ಸ್ವಾತಂತ್ರ್ಯವನ್ನು ಕೇಳುವ ದಾದಿಯು ತನ್ನ ತಿಳಿವಳಿಕೆಯ ಮೇರೆಯನ್ನು ಅರಿತಿರಬೇಕು. ಈ ಎರಡು ವಿನಯಗಳು ಕೂಡಿದಲ್ಲಿ ಘಟ್ಟದಡಿಯ ಮುದುಕಿಗೆ ಗುಳಿಗೆಯೂ ಸಿಕ್ಕುವುದು, ಕಡಲ ತೀರದ ಬೆಸ್ತನಿಗೆ ವೈದ್ಯನೂ ಸಿಕ್ಕುವನು.