ಹಲಗೆಯ ಮೇಲಿನ ಗೀರು

ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ ಕೆಲವು ವರ್ಷ ನಾವು ಹಳೆಯ ಮನೆಯೊಂದರ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅದರ ನೆಲ ಮೊಸಾಯಿಕ್ ಅಲ್ಲ, ಕೆಂಪು ಗಾರೆಯೂ ಅಲ್ಲ, ತೇಗದ ಹಲಗೆ. ನೀರು ಚೆಲ್ಲಿ ತೊಳೆಯುವಂತಿಲ್ಲ, ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು. ಮಳೆಗಾಲದಲ್ಲಿ ಹಲಗೆ ಉಬ್ಬುತ್ತಿತ್ತು, ಬೇಸಿಗೆಯಲ್ಲಿ ಸಂದುಗಳು ಬಾಯಿಬಿಡುತ್ತಿದ್ದವು. ಕೆಳಗಿದ್ದ ಮನೆಯ ಒಡತಿಗೆ ನಮ್ಮ ಮಗು ಓಡುವ ಸದ್ದೆಲ್ಲ ಕೇಳುತ್ತಿತ್ತು.

ಮನೆ ಬಿಡುವ ದಿನ ಬಂತು. ಜಮಖಾನೆಯ ಕೆಳಗೆ ಮೊಳದುದ್ದದ ಒಂದು ಗೀರು. ಕಬ್ಬಿಣದ ಬೀರುವನ್ನು ನಾನೊಬ್ಬನೇ ಎಳೆದಾಗ ಆದದ್ದು. ಬಣ್ಣ ಬೆರೆಸಿದ ಮೇಣ ತುಂಬಿದರೆ ಯಾರ ಕಣ್ಣಿಗೂ ಬೀಳದು ಎಂದು ಬಡಗಿ ಹೇಳಿದ್ದ.

"ಅಮ್ಮನಿಗೆ ಹೇಳಿಬಿಡಿ" ಎಂದಳು ಹೆಂಡತಿ.

"ಬಣ್ಣ ಹೊಡೆಸಲು ಹೇಗೂ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಅದರಲ್ಲೇ ಇದೂ ಸೇರಲಿ" ಎಂದೆ.

ನನ್ನ ಮಾತಿನಲ್ಲಿ ತರ್ಕವಿರಲಿಲ್ಲವೆಂದಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ಬಾಡಿಗೆದಾರ ಪಡೆದ ಸ್ಥಿತಿಯಲ್ಲೇ ಮನೆಯನ್ನು ಹಿಂತಿರುಗಿಸಬೇಕು. ಆದರೆ ಸಹಜ ಬಳಕೆಯ ಸವೆತಕ್ಕೆ ವಿನಾಯಿತಿ ಉಂಟು. ಗೋಡೆಯ ಬಣ್ಣ ಮಾಸುವುದು ಸವೆತ. ಅದಕ್ಕೆ ಹಣ ಮುರಿದುಕೊಳ್ಳುವ ಮಾತು ನಮ್ಮ ಕರಾರುಪತ್ರದಲ್ಲಿ ಇರಲಿಲ್ಲ, ಊರಿನ ವಾಡಿಕೆಯಲ್ಲಿತ್ತು. ಹತ್ತು ತಿಂಗಳ ಮುಂಗಡವೂ ಇಲ್ಲಿನ ವಾಡಿಕೆಯೇ. 2021ರಲ್ಲಿ ಕೇಂದ್ರ ರೂಪಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದೆ. ಆದರೆ ರಾಜ್ಯಗಳು ಅದನ್ನು ತಮ್ಮದಾಗಿಸಿಕೊಂಡರೆ ಮಾತ್ರ ಅದಕ್ಕೆ ಬಲ.

ಹಾಗಾದರೆ ಪ್ರಶ್ನೆ ಇದು: ಅವರ ಅನ್ಯಾಯ ನನ್ನ ಹೊಣೆಯನ್ನು ಇಳಿಸುತ್ತದೆಯೇ?

ಗೀರು ಸವೆತವಲ್ಲ. ಇನ್ನೊಬ್ಬರನ್ನು ಕೈಜೋಡಿಸಲು ಕರೆದಿದ್ದರೆ ಅದು ಆಗುತ್ತಿರಲಿಲ್ಲ. ಉಪ್ಪುಕಾಗದದಿಂದ ಉಜ್ಜಿ ಪಾಲಿಶ್ ಮಾಡಿದರೆ ಗೀರು ಹೋಗುತ್ತದೆ ನಿಜ, ಆದರೆ ಉಜ್ಜಿದಷ್ಟೂ ಹಲಗೆ ತೆಳುವಾಗುತ್ತದೆ. ನಾನು ಕಳೆದದ್ದು ಅವರ ನೆಲದ ಆಯುಷ್ಯವನ್ನು.

ಉರ್ದುವಿನಲ್ಲಿ ಅಮಾನತ್ ಎಂಬ ಮಾತಿದೆ. ನಂಬಿ ಒಪ್ಪಿಸಿದ ವಸ್ತು ಎಂದರ್ಥ. ಅವರ ಮನೆ ನನ್ನ ಕೈಯಲ್ಲಿದ್ದ ಅಮಾನತ್, ನನ್ನ ಮುಂಗಡ ಅವರ ಕೈಯಲ್ಲಿದ್ದ ಅಮಾನತ್. ಒಂದರಲ್ಲಿ ಕೈಯಾಡಿಸಿದರೆಂದು ಇನ್ನೊಂದರಲ್ಲಿ ಕೈಯಾಡಿಸಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಇಬ್ಬರು ತಪ್ಪಿತಸ್ಥರಾಗುತ್ತಾರೆ, ಅಷ್ಟೆ.

ಜಮಖಾನೆ ಸರಿಸಿ ತೋರಿಸಿದೆ. ಅಮ್ಮ ಬಗ್ಗಿ, ಗೀರಿನ ಮೇಲೆ ಬೆರಳಾಡಿಸಿ, "ಬಡಗಿಯನ್ನು ಕೇಳಿ ಹೇಳ್ತೀನಿ" ಎಂದರು. ಹಣ ಮುರಿದುಕೊಂಡರು. ಅದು ನ್ಯಾಯ. ಆಮೇಲೆ ನಾನು ಬಣ್ಣದ ಮಾತು ತೆಗೆದೆ: "ಅಮ್ಮಾ, ಗೀರು ನನ್ನದು. ಆದರೆ ಮಾಸಿದ ಗೋಡೆಗೆ ನಾನೇಕೆ ಕೊಡಬೇಕು?" ಅವರು ಬಹಳ ಹೊತ್ತು ಸುಮ್ಮನಿದ್ದು, "ಎಲ್ಲರೂ ಕೊಡ್ತಾರಲ್ಲಪ್ಪಾ" ಎಂದರು. ಒಂದು ರೂಪಾಯಿಯೂ ಬಿಡಲಿಲ್ಲ.

ನಾನು ನಷ್ಟದಲ್ಲೇ ಇಳಿದು ಬಂದೆ. ಆದರೂ ಆ ಪ್ರಶ್ನೆ ಕೇಳಿದೆನಲ್ಲ ಎಂಬ ಸಮಾಧಾನ ಇಂದಿಗೂ ಇದೆ. ಗೀರನ್ನು ಮೇಣದಿಂದ ಮುಚ್ಚಿದ್ದರೆ, ಬಣ್ಣದ ಲೆಕ್ಕ ಕೇಳಲು ನನಗೆ ಬಾಯಿ ಎಲ್ಲಿರುತ್ತಿತ್ತು?