ಪದನಾಮವೂ ಕಾಯಕವೂ

ಶಿವಶರಣರ ನಾಮಗಳನ್ನು ಭಕ್ತಿಯಿಂದ ಸ್ಮರಿಸುವವರು ಒಂದು ವಿಶೇಷವನ್ನು ಮನಗಾಣದಿರಲಾರರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಇವರೆಲ್ಲರ ಹೆಸರಿನ ಮೊದಲಲ್ಲಿ ನಿಂತಿರುವುದು ಕಾಯಕವೇ. ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆಯು ಹೇಳುವ ಮಹಾನುಭಾವನು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಮೋಳಿಗೆಯ ಮಾರಯ್ಯನಾದನು. ಹೆಸರನ್ನು ಕೇಳಿದೊಡನೆ ಕೆಲಸವು ತಿಳಿಯಬೇಕೆಂಬ ಸತ್ಯನಿಷ್ಠೆ ಇಲ್ಲಿದೆ.

ಸೇವಾಸಂಸ್ಥೆಗಳನ್ನು ನಡೆಸುವ ಗೃಹಸ್ಥರು ನೌಕರರನ್ನು ನೇಮಿಸುವಾಗ ಈ ನಿಷ್ಠೆಯನ್ನು ಪಾಲಿಸಬೇಕಾಗಿದೆ. ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿರುವ ವಂಡ್ಸೆಯ ಗ್ರಾಮ ಪಂಚಾಯತಿಯು ಘನ-ದ್ರವ ಸಂಪನ್ಮೂಲ ನಿರ್ವಹಣೆಯ ಕಾರ್ಯದಿಂದ ಹೆಸರು ಪಡೆಯಿತು. ಲೋಕವು ಕಸವೆಂದುದನ್ನು ಅಲ್ಲಿ ಸಂಪನ್ಮೂಲವೆಂದು ಕರೆದರು. ಹಸಿ ಒಣ ಕಸವನ್ನು ಬೇರ್ಪಡಿಸಿ ಮರಳಿ ಉಪಯೋಗಕ್ಕೆ ತರುವ ಕೈಗಳು ಇದ್ದುದರಿಂದಲೇ ಆ ಹೆಸರು ಸಾರ್ಥಕವಾಯಿತು. ದುಡಿಮೆಯಿಲ್ಲದಿದ್ದರೆ ಅದು ಬರಿಯ ಫಲಕವಾಗಿ ಉಳಿಯುತ್ತಿತ್ತು.

ವಂಡ್ಸೆಯಂಥ ಗ್ರಾಮದಲ್ಲಿ ಒಂದು ಸಮಿತಿಯು ನಲವತ್ತು ಮಕ್ಕಳ ಉಚಿತ ವಿದ್ಯಾರ್ಥಿನಿಲಯವನ್ನು ನಡೆಸುತ್ತಿದೆಯೆಂದು ಭಾವಿಸಬಹುದು. ಹೆಚ್ಚು ಸಂಬಳ ಕೊಡುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಪದವೀಧರನಾದ ತರುಣನೊಬ್ಬನನ್ನು 'ನಿರ್ದೇಶಕ'ನೆಂದು ಕರೆದು ಗುಮಾಸ್ತನ ಸಂಬಳವನ್ನು ಗೊತ್ತುಮಾಡುತ್ತದೆ. ಉಗ್ರಾಣದ ಬೀಗದಕೈ ಅವನಲ್ಲಿಲ್ಲ, ಚೆಕ್ಕಿಗೆ ರುಜು ಹಾಕುವ ಅಧಿಕಾರವೂ ಇಲ್ಲ. ದಾನಿಗಳೂ ಪಾಲಕರೂ ಹೆಸರನ್ನು ನಂಬಿ ಅವನ ಬಳಿಗೆ ಬರುತ್ತಾರೆ. ಉತ್ತರ ಕೊಡಲಾರದೆ ಅವನು ತಲೆ ತಗ್ಗಿಸುತ್ತಾನೆ. ಹಣದಲ್ಲಿ ಸಲ್ಲಿಸಲಾಗದ ಋಣವನ್ನು ಬಿರುದಿನಿಂದ ತೀರಿಸಹೊರಟವರು ಆ ತರುಣನಿಗೂ ಸಮಾಜಕ್ಕೂ ಅಸತ್ಯವನ್ನಾಡಿದಂತಾಯಿತು.

ಇದರ ವಿಪರ್ಯಾಸವೂ ಉಂಟು. ಲೆಕ್ಕಪತ್ರ, ಅಡುಗೆಮನೆಯ ಮೇಲ್ವಿಚಾರಣೆ, ಮಕ್ಕಳ ಆರೋಗ್ಯ, ಈ ಮೂರನ್ನೂ ಒಬ್ಬ ತಾಯಿ ಹೊತ್ತಿರುತ್ತಾಳೆ. ದಾಖಲೆಯಲ್ಲಿ ಅವಳು 'ಸಹಾಯಕಿ' ಮಾತ್ರ. ಅವಳು ಬಿಟ್ಟುಹೋದ ದಿನ ಸಮಿತಿಯು ಮತ್ತೊಬ್ಬ ಸಹಾಯಕಿಯನ್ನು ಹುಡುಕುತ್ತದೆ. ಬಂದವಳಿಗೆ ಹೊರೆಯ ಅರಿವಿಲ್ಲ, ಹೊರುವ ಸಿದ್ಧತೆಯೂ ಇಲ್ಲ. ಆಗ ಹಸಿದು ಕುಳಿತುಕೊಳ್ಳುವವರು ಮಕ್ಕಳು.

ಧರ್ಮಕಾರ್ಯದಲ್ಲಿ ಸಂಬಳದ ಮಾತೇಕೆ ಎಂದು ಕೆಲವರು ಆಯ್ದಕ್ಕಿ ಲಕ್ಕಮ್ಮನನ್ನು ನಿದರ್ಶನವಾಗಿ ತರುವುದುಂಟು. ಪತಿಯಾದ ಮಾರಯ್ಯನು ಮಹಾಮನೆಯ ಅಂಗಳದಿಂದ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಕೆ ಹಿಂದಿರುಗಿಸೆಂದಳು. ನಿಜ. ಆದರೆ ಲಕ್ಕಮ್ಮನು ಕಟ್ಟುಹಾಕಿದುದು ತನ್ನ ಮನೆಯ ಆಸೆಗೆ. ನೆರೆಯವರ ಕೂಲಿಗೆ ಅಲ್ಲ. ದುಡಿಯುವವನು ತಾನಾಗಿ ವಹಿಸುವ ಅಪರಿಗ್ರಹವು ವ್ರತ. ದುಡಿಸುವವನು ಅದನ್ನು ಪರರ ಮೇಲೆ ಹೊರಿಸಿದರೆ ಅದು ಲೋಭ. ದಾಸೋಹದ ಅನ್ನವು ದುಡಿದವನ ಹಕ್ಕಿನಿಂದ ಕಡಿದು ತಂದುದಾಗಬಾರದು.

ಹಾಗಾದರೆ ಕ್ರಮವೇನು? ಮೊದಲು ಕೆಲಸವನ್ನು ಬರೆಯಬೇಕು: ಪ್ರತಿದಿನ ಏನು ಮಾಡತಕ್ಕದ್ದು, ಯಾವುದನ್ನು ಕೇಳದೆಯೇ ನಿರ್ಧರಿಸಬಹುದು, ಎಷ್ಟು ಹಣವನ್ನು ವೆಚ್ಚಮಾಡಬಹುದು, ಎಷ್ಟು ಮಂದಿಯನ್ನು ನಡೆಸಬೇಕು, ತಪ್ಪಾದರೆ ಯಾರು ಹೊಣೆ. ಹೊಣೆಯ ಭಾರದಿಂದ ದರ್ಜೆಯೂ, ದರ್ಜೆಯಿಂದ ಸಂಬಳವೂ, ಕಡೆಗೆ ಪದನಾಮವೂ ನಿರ್ಣಯವಾಗತಕ್ಕದ್ದು. ಬಂದ ವ್ಯಕ್ತಿಯ ಮುಖ ನೋಡಿ ಹುದ್ದೆಯನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಸಲ್ಲದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿಸಿದ ಸಂಘಗಳಲ್ಲಿ ಸದಸ್ಯರು ಚುನಾಯಿಸಿದ ಕಾರ್ಯದರ್ಶಿಯಿರುವಾಗ, ಸಂಬಳದ ನೌಕರನಿಗೂ ಅದೇ ಹೆಸರನ್ನಿಟ್ಟರೆ ಯಾರ ರುಜುವಿಗೆ ಬೆಲೆಯೆಂಬುದು ಗೊಂದಲವಾಗುವುದು. ಅವನನ್ನು ವ್ಯವಸ್ಥಾಪಕನೆಂದೋ ಕಚೇರಿ ಮೇಲ್ವಿಚಾರಕನೆಂದೋ ಕರೆದರೆ ಸ್ಪಷ್ಟವಾಗುತ್ತದೆ. ಸಂಸ್ಥೆಗೆ ಶಕ್ತಿ ಸಾಲದಿದ್ದರೆ ಕೆಲಸವನ್ನು ಕಡಿಮೆಮಾಡಲಿ, ಅರ್ಧ ದಿನದ ಹುದ್ದೆಯೆಂದು ಮುಂಚಿತವಾಗಿಯೇ ಹೇಳಲಿ.

ದರ್ಜೆಗಳಿರುವಲ್ಲಿ ಸಮಾನತೆಯೆಲ್ಲಿ ಎಂಬ ಶಂಕೆ ಬೇಡ. ಹೊಣೆಯಲ್ಲಿ ತಾರತಮ್ಯವಿರಬಹುದು, ಗೌರವದಲ್ಲಿ ಇರಬಾರದು. ಭಂಡಾರಿಯಾಗಿದ್ದ ಬಸವಣ್ಣನವರೂ ಹೊರೆ ಮಾರುವ ಮಾರಯ್ಯನೂ ಅನುಭಾವಗೋಷ್ಠಿಯಲ್ಲಿ ಶರಣರೇ. ಕೆಲಸಕ್ಕೆ ತಕ್ಕ ಹೆಸರನ್ನೂ, ಹೆಸರಿಗೆ ತಕ್ಕ ಅಧಿಕಾರವನ್ನೂ, ಅಧಿಕಾರಕ್ಕೆ ತಕ್ಕ ವೇತನವನ್ನೂ ಕೊಡುವ ಸದ್ಭಕ್ತರ ಸಂಸ್ಥೆಯಲ್ಲಿ ಕಾಯಕವು ಶಿವಾರ್ಪಿತವಾಗುವುದು.