ದೋಷ ಓಲೆಯದೋ, ಓದುವ ಕಣ್ಣಿನದೋ

ಬ್ಯಾಕಪ್ ಟೇಪನ್ನು ಡ್ರೈವಿಗೆ ಹಾಕಿದಾಗ ಪರದೆಯ ಮೇಲೆ ‘ರೀಡ್ ಎರರ್’ ಎಂದು ಮೂಡಿದರೆ ಟೇಪ್ ಹಾಳಾಯಿತು ಎಂದು ತೀರ್ಮಾನಿಸುವವರೇ ಹೆಚ್ಚು. ಆ ಸಂದೇಶ ತಿಳಿಸುವುದು ಓದು ನಡೆಯಲಿಲ್ಲ ಎಂಬುದನ್ನು ಮಾತ್ರ. ಹೆಡ್ಡಿನ ಮೇಲೆ ಧೂಳು ಕೂತಿರಬಹುದು, ಹೆಡ್ಡೇ ಸವೆದಿರಬಹುದು, ಟೇಪು ಮಡಿಚಿಕೊಂಡಿರಬಹುದು, ಮಳೆಗಾಲದ ತೇವ ತಾಗಿರಬಹುದು. ಪಳಗಿದವರು ಮೊದಲು ಕಾರ್ಟ್ರಿಜ್ಜಿನ ಕೀಲಿ ಸರಿಸಿ ಅದರ ಮೇಲೆ ಏನೂ ಬರೆಯದಂತೆ ಮಾಡುತ್ತಾರೆ. ಕ್ಲೀನಿಂಗ್ ಕಾರ್ಟ್ರಿಜ್ ಒಮ್ಮೆ ಓಡಿಸುತ್ತಾರೆ. ಪದೇ ಪದೇ ಅಲ್ಲ, ಅದು ಉಜ್ಜಿ ಉಜ್ಜಿ ಹೆಡ್ಡನ್ನೇ ಸವೆಸುತ್ತದೆ. ಅನಂತರ ಕಳೆದುಹೋದರೂ ಚಿಂತೆಯಿಲ್ಲದ ಇನ್ನೊಂದು ಟೇಪನ್ನು ಅದೇ ಡ್ರೈವಿಗೆ ಹಾಕಿ, ಸಂಶಯದ ಟೇಪನ್ನು ಬೇರೆ ಡ್ರೈವಿಗೆ ಹಾಕಿ ನೋಡುತ್ತಾರೆ. ಒಂದು ಬದಿಯನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸುವ ಈ ಕ್ರಮದ ಹಿಂದೆ ಒಂದು ಜ್ಞಾನಮೀಮಾಂಸೆಯೇ ಇದೆ. ದೋಷ ಓದುವುದರದೋ ಓದಿಸಿಕೊಳ್ಳುವುದರದೋ ಎಂಬ ಈ ಪ್ರಶ್ನೆ ಮಾಧ್ವ ಸಂಪ್ರದಾಯದಲ್ಲಿ ಹದಿನಾಲ್ಕನೆಯ ಶತಮಾನದಲ್ಲೇ ಚರ್ಚೆಯಾಗಿದೆ.

ಜಯತೀರ್ಥರ ‘ಪ್ರಮಾಣಪದ್ಧತಿ’ಯ ಪ್ರಕಾರ ಪ್ರತ್ಯಕ್ಷಕ್ಕೆ ಇಂದ್ರಿಯವೂ ನಿರ್ದೋಷವಾಗಿರಬೇಕು, ವಿಷಯವೂ ನಿರ್ದೋಷವಾಗಿರಬೇಕು. ಕಾಮಾಲೆ ಬಂದವನಿಗೆ ಬಿಳಿಯ ಶಂಖ ಹಳದಿಯಾಗಿ ಕಂಡರೆ ದೋಷ ಕಣ್ಣಿನದು; ವಸ್ತು ತೀರಾ ದೂರವಿದ್ದು, ತೀರಾ ಸೂಕ್ಷ್ಮವಿದ್ದು ಕಾಣದೆ ಹೋದರೆ ದೋಷ ವಿಷಯದ ಕಡೆಯದು. ಇನ್ನೂ ಮುಖ್ಯವಾದದ್ದು ಇದರ ಬುಡದಲ್ಲಿರುವ ನಿಲುವು: ಜ್ಞಾನದ ಪ್ರಾಮಾಣ್ಯ ಸ್ವತಃ, ಅಪ್ರಾಮಾಣ್ಯ ಪರತಃ. ಅಂದರೆ ಸರಿಯಾದ ಅರಿವಿಗೆ ಹೊರಗಿನಿಂದ ಸಮರ್ಥನೆ ತರಬೇಕಿಲ್ಲ, ತಪ್ಪಿಗೆ ಮಾತ್ರ ಕಾರಣ ತೋರಿಸಬೇಕು. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅವರಿಗೆ ಪ್ರಾಮಾಣ್ಯವೂ ಪರತಃ, ಅದು ಪ್ರವೃತ್ತಿಯ ಸಾಫಲ್ಯದಿಂದ ತಿಳಿಯತಕ್ಕದ್ದು. ಮೇಲುನೋಟಕ್ಕೆ ಕಂಪ್ಯೂಟರ್ ಕೋಣೆಯವರೆಲ್ಲ ನ್ಯಾಯಸೂತ್ರದ ಗೌತಮನ ಶಿಷ್ಯರೇ. ರಿಸ್ಟೋರ್ ಮಾಡಿ ನೋಡುವವರೆಗೆ ಬ್ಯಾಕಪ್ಪನ್ನು ಬ್ಯಾಕಪ್ ಎನ್ನಬೇಡಿ ಎಂಬುದು ಅವರ ಪಾಠ, ಮತ್ತು ಅದು ಒಳ್ಳೆಯ ಪಾಠವೇ. ಆದರೆ ರಿಸ್ಟೋರ್ ಆಗಿ ಬಂದ ಕಡತವನ್ನು ತಾಳೆ ನೋಡುವ ಚೆಕ್‌ಸಮ್ಮನ್ನೂ ಎಲ್ಲಿಂದಲೋ ಓದಬೇಕಲ್ಲ? ಆ ಓದಿಗೆ ಇನ್ನೊಂದು ಸಾಕ್ಷ್ಯ, ಅದಕ್ಕೆ ಮತ್ತೊಂದು ಎಂದು ಹೊರಟರೆ ಅನವಸ್ಥೆಯೇ ಗತಿ. ಎಲ್ಲೋ ಒಂದು ಕಡೆ ಓದನ್ನು ಓದೆಂದು ಒಪ್ಪಲೇಬೇಕು. ಹಾಗೆಂದು ಪರೀಕ್ಷೆ ಬೇಡವೆಂದಲ್ಲ. ಪರೀಕ್ಷೆ ಸಂಶಯಕ್ಕೆ ಕಾರಣವಾದ ದೋಷವನ್ನು ಹುಡುಕುತ್ತದೆ, ಪ್ರಾಮಾಣ್ಯವನ್ನು ಹುಟ್ಟಿಸುವುದಿಲ್ಲ.

ಯಂತ್ರಕ್ಕೆ ಇದೆಲ್ಲ ಹೊಂದುವುದೇ ಎಂದು ಕೇಳಬಹುದು. ಮಾಧ್ವರಲ್ಲಿ ಪ್ರಾಮಾಣ್ಯವನ್ನು ಗ್ರಹಿಸುವುದು ಸಾಕ್ಷಿ, ಅದು ಚೇತನದ್ದು, ಡ್ರೈವಿಗೆ ಸಾಕ್ಷಿಯಿಲ್ಲ. ಆಕ್ಷೇಪ ನ್ಯಾಯವೇ. ಎಲ್‌ಟಿಒ ಮಾದರಿಯ ಟೇಪ್ ಡ್ರೈವು ಬರೆದ ಬೆನ್ನಿಗೇ ಬರೆದದ್ದನ್ನು ತಾನೇ ಓದಿ ನೋಡುತ್ತದೆ, ಸಣ್ಣಪುಟ್ಟ ತಪ್ಪುಗಳನ್ನು ಸಂಕೇತಗಳ ಬಲದಿಂದ ತಿದ್ದಿಕೊಳ್ಳುತ್ತದೆ. ಆದರೆ ಮೂಲ ಕಡತದಲ್ಲೇ ಲೆಕ್ಕ ತಪ್ಪಿದ್ದರೆ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಉಳಿಸುತ್ತದೆ. ಸಾಕ್ಷಿ ಟೇಪಿನ ಮುಂದೆ ಕೂತವನಲ್ಲಿದೆ. ಡ್ರೈವು ಅವನ ಇಂದ್ರಿಯ, ಹೊರಗೆ ಚಾಚಿದ ಕಣ್ಣು. ಹಾಗೆ ನೋಡಿದರೆ ಓಲೆಗರಿಗೂ ಇದೇ ಮಾತು. ಉಡುಪಿಯ ಪಲಿಮಾರು ಮಠದಲ್ಲಿರುವ, ಮಧ್ವಾಚಾರ್ಯರ ಗ್ರಂಥಗಳ ಸಂಗ್ರಹವಾದ ಸರ್ವಮೂಲದ ಗರಿಗಳು ಸುಮಾರು 26 ಇಂಚು ಉದ್ದ, 2 ಇಂಚು ಅಗಲ. ಅಂಚುಗಳು ಮುರಿದು ಉದುರುತ್ತಿದ್ದವು, ಬಣ್ಣ ಕಪ್ಪಾಗಿ ಮಸಿಯ ಅಕ್ಷರ ಗರಿಯಲ್ಲೇ ಅಡಗಿತ್ತು. ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ಪಿ.ಆರ್. ಮುಕುಂದ್ ಮತ್ತು ಸಂಗಡಿಗರು 2006ರ ಹೊತ್ತಿಗೆ ಅವನ್ನು ಅವಕೆಂಪು ಬೆಳಕಿನಲ್ಲಿ ಚಿತ್ರೀಕರಿಸಿದಾಗ ಬರಿಗಣ್ಣಿಗೆ ಕಾಣದ ಸಾಲುಗಳು ಕಂಡವು. ಗರಿ ಅದೇ, ಬದಲಾದದ್ದು ಕಣ್ಣು. ಉದುರಿಹೋದ ಅಂಚಿನಲ್ಲಿದ್ದ ಅಕ್ಷರವನ್ನು ಮಾತ್ರ ಯಾವ ಬೆಳಕೂ ತರಲಾರದು. ಇನ್ನು ಗರಿ ಗಟ್ಟಿಯಿದ್ದೂ ತುಳು ಲಿಪಿ ಬಲ್ಲವರಿಲ್ಲದೆ ಮುಚ್ಚಿಯೇ ಇರುವ ಕಟ್ಟುಗಳು ಕರಾವಳಿಯಲ್ಲಿ ಕಡಮೆಯೇನಿಲ್ಲ.

ಹಾಗಾದರೆ ಕೈಯಾಡದಂತೆ ಭದ್ರವಾಗಿಟ್ಟದ್ದೇ ಶುದ್ಧವೆನ್ನೋಣವೇ? ಆಚಾರ್ಯರ ಗ್ರಂಥಗಳನ್ನು ತಾಮ್ರಪತ್ರದಲ್ಲಿ ಕೆತ್ತಿಸಿ ದಕ್ಷಿಣ ಕನ್ನಡದ ಕಟ್ಟತ್ತಿಲದಲ್ಲಿ ಹೂಳಲಾಗಿದೆ ಎಂಬ ನಂಬಿಕೆ ಸಂಪ್ರದಾಯದಲ್ಲಿದೆ. ಶ್ರದ್ಧೆಗೆ ಅದು ದೊಡ್ಡ ಆಸರೆ. ಆದರೆ ಪಾಠಶೋಧನೆ ನಡೆದದ್ದು ಮೇಲೆ ಉಳಿದ ಓಲೆಯಿಂದ. ಆಚಾರ್ಯರ ಶಿಷ್ಯ ಹೃಷೀಕೇಶತೀರ್ಥರ ತುಳು ಲಿಪಿಯ ಪ್ರತಿಯನ್ನು ಆಧಾರವಾಗಿಟ್ಟು ಬನ್ನಂಜೆ ಗೋವಿಂದಾಚಾರ್ಯರು ಸರ್ವಮೂಲವನ್ನು ಪರಿಷ್ಕರಿಸಿದರು. ಮುಟ್ಟದ ಪ್ರತಿಯಲ್ಲಿ ದೋಷ ಕಾಣುವುದಿಲ್ಲ ನಿಜ, ಓದೇ ನಡೆಯದಲ್ಲಿ ಕಾಣುವುದಾದರೂ ಹೇಗೆ? ಇದಕ್ಕಿಂತ ನವಿರಾದ ಅಪಾಯವೊಂದು ಟೇಪಿನವರಿಗೆ ಗೊತ್ತು. ಹೆಡ್ಡು ತುಸು ವಾಲಿದ ಡ್ರೈವು ತಾನು ಬರೆದದ್ದನ್ನು ತಾನು ಸಲೀಸಾಗಿ ಓದುತ್ತದೆ. ಬೇರೆ ಡ್ರೈವಿಗೆ ಹಾಕಿದ ದಿನವೇ ವಾಲಿಕೆ ಬಯಲಾಗುವುದು. ಪರಂಪರೆಗಳಿಗೂ ಈ ವಾಲಿಕೆ ಬರಬಹುದು, ಯಾವ ಮತವೂ ಇದಕ್ಕೆ ಹೊರತಲ್ಲ. ಅದ್ವೈತವನ್ನು ಖಂಡಿಸುವ ಮಾಧ್ವ ಗ್ರಂಥ, ವ್ಯಾಸತೀರ್ಥರ ‘ನ್ಯಾಯಾಮೃತ’ಕ್ಕೆ ಆ ಗತಿ ಬರಲಿಲ್ಲ: ಅದ್ವೈತಿ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಅದರ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸಿದರು, ಮಾಧ್ವರ ಕಡೆಯಿಂದ ರಾಮಾಚಾರ್ಯರು ‘ತರಂಗಿಣಿ’ಯಲ್ಲಿ ಮರುತ್ತರ ಕೊಟ್ಟರು. ಒಪ್ಪದವನೂ ಅದನ್ನು ಸರಿಯಾಗಿ ಓದಿದ್ದ ಎಂಬುದಕ್ಕೆ ಆ ಖಂಡನೆಯೇ ದಾಖಲೆ.